ಬಾಗಿಲ ಮೇಲಿನ ಹೆಸರು

ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ಊರುಗಳು ಕಾಸರಗೋಡಿನ ಓದುಗರಿಗೆ ಅಷ್ಟಾಗಿ ಪರಿಚಯವಿರಲಾರವು. ನಕ್ಷೆಯಲ್ಲಿ ಬೀದರ, ಬಸವಕಲ್ಯಾಣಗಳಿಂದ ಪಶ್ಚಿಮಕ್ಕೆ ಬೆರಳು ಸರಿಸಿ ಮಹಾರಾಷ್ಟ್ರದ ಗಡಿ ದಾಟಿದರೆ ಈ ಊರುಗಳು ಸಿಗುತ್ತವೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಪೇಟೆಯಲ್ಲಿ ಮರಾಠಿ, ನೆರೆಯ ಮುಸಲ್ಮಾನರೊಡನೆ ದಖನಿ ಉರ್ದು. ನಮ್ಮ ಮನೆಯೂ ಅಂಥದ್ದೇ. 1956ರ ನವೆಂಬರ್ 1ರಂದು ನೀವು ಕೇರಳಕ್ಕೆ ಸೇರಿದಿರಿ, ಅದೇ ದಿನ ನಾವು ಮುಂಬಯಿ ರಾಜ್ಯಕ್ಕೆ ಸೇರಿದೆವು. ಅದುವರೆಗೆ ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯದು. 1982ರಲ್ಲಿ ಲಾತೂರ ಹೊಸ ಜಿಲ್ಲೆಯಾದಾಗ ಉದಗೀರ, ನಿಲಂಗಾ ಅದರ ಪಾಲಾದವು. ಉಸ್ಮಾನಾಬಾದಕ್ಕೆ ಈಗ ಧಾರಾಶಿವ ಎಂದು ಹೆಸರು.

ಗಡಿಯವರು ಬರೆಯಲು ಕುಳಿತರೆ 1967ರ ಮಹಾಜನ ವರದಿಯನ್ನು ನೆನೆಯದೆ ಇರುವುದಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ನಾಡು ಕರ್ನಾಟಕಕ್ಕೆ ಸೇರಬೇಕೆಂದು ಅದು ಹೇಳಿದ್ದನ್ನು ನೀವು ಮರೆತಿಲ್ಲ. ಜಾರಿಯಾಗದ ವರದಿಯ ನೋವು ಎಂಥದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಇಲ್ಲಿ ಬರೆಯಹೊರಟಿರುವುದು ಇನ್ನೊಂದು ವರದಿಯ ವಿಷಯ. ಅದು ಜಾರಿಯಾಗುವ ಮಾತು ಒತ್ತಟ್ಟಿಗಿರಲಿ, ಅರವತ್ತನಾಲ್ಕು ವರ್ಷ ಸಾಮಾನ್ಯ ಓದುಗರ ಕೈಗೆ ಸುಲಭವಾಗಿ ಸಿಗದೆ ಉಳಿಯಿತು. ಅದರ ಹತ್ತಿರ ನನ್ನನ್ನು ಕರೆದುಕೊಂಡು ಹೋದವನು ಇತಿಹಾಸಕಾರನಲ್ಲ, ನನ್ನ ಮಗ. ಆದ್ದರಿಂದ ಮೊದಲು ಅವನ ಮಾತು.

2017ರ ದಸರೆಯ ಸಂಜೆ. ಆ ದಿನ ಹಿರಿಯರ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲಿಗೆರಗುವುದು ನಮ್ಮ ಕಡೆಯ ಪದ್ಧತಿ. ಈ ಮೂರು ಊರುಗಳಲ್ಲಿ ಒಂದರಲ್ಲಿ, ಯಾವುದೆಂದು ಹೇಳುವುದು ಬೇಡ, ನಿವೃತ್ತ ಮಾಸ್ತರರೊಬ್ಬರ ಮನೆಗೆ ಹೆಂಡತಿ ಮಗನೊಡನೆ ಹೋಗಿದ್ದೆ. ಹಳೆಯ ಕಲ್ಲಿನ ಮನೆ. ಹೆಬ್ಬಾಗಿಲ ಮೇಲೆ ಸುಣ್ಣ ಬಳಿದ ಒಂದು ಕಲ್ಲು. ಸುಣ್ಣದ ಅಡಿಯಲ್ಲಿ ಅಕ್ಷರಗಳಿದ್ದುದು ನನಗೂ ಗೊತ್ತಿತ್ತು, ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂಬತ್ತು ವರ್ಷದ ನನ್ನ ಮಗನಿಗೆ ಆಗ ಅಕ್ಷರಗಳೆಂದರೆ ಜೀವ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಔಷಧದ ಚೀಟಿ ಯಾವುದನ್ನೂ ಬಿಡುತ್ತಿರಲಿಲ್ಲ. ನಮ್ಮ ಓಣಿಯ ದರ್ಜಿಯ ಮಗಳ ಉರ್ದು ಮೊದಲ ಪುಸ್ತಕ ನೋಡಿ ಆ ಲಿಪಿಯನ್ನೂ ಕಲಿತಿದ್ದ. ಬಾಗಿಲಲ್ಲಿ ನಿಂತು ಆ ಕಲ್ಲನ್ನು ಗಟ್ಟಿಯಾಗಿ ಓದಿದ. ಒಂದು ಹೆಸರು, ಅದರ ಕೆಳಗೆ ಹಿಜರಿ 1350. ಅಂದರೆ 1931ರ ಸುಮಾರು. ಒಳಗೆ ಬಂದವನು ಬನ್ನಿ ಕೊಡುವ ಮೊದಲೇ ಕೇಳಿದ:

“ಮುತ್ತ್ಯಾ, ಈ ಮನಿ ನಿಮ್ದಲ್ಲ. ಕಲ್ಲಿನ ಮ್ಯಾಲ ಬ್ಯಾರೆ ಹೆಸರದ. ಅವರು ಎಲ್ಲಿಗಿ ಹೋದ್ರು?”

ಯಾರೂ ಮಾತಾಡಲಿಲ್ಲ. ಫರಾಳದ ತಾಟು ಹಿಡಿದು ಬರುತ್ತಿದ್ದ ಮಾಸ್ತರರ ಹೆಂಡತಿ ಹಾಗೆಯೇ ಒಳಗೆ ತಿರುಗಿದರು. ಅವರ ಮಗ ನಕ್ಕು “ಹುಡುಗ ಭಾಳ ಶಾಣ್ಯಾ ಇದ್ದಾನ” ಎಂದ. ಅವನ ಕಣ್ಣಲ್ಲಿ ನಗು ಇರಲಿಲ್ಲ. ಉತ್ತರ ಸಿಗುವವರೆಗೆ ಪ್ರಶ್ನೆ ಬಿಡುವುದು ನನ್ನ ಮಗನಿಗೆ ಗೊತ್ತಿಲ್ಲ. ಇನ್ನೂ ಮೂರು ಸಲ ಕೇಳಿದ. ನಾನು ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ನನ್ನ ಮಗನಿಗೆ ಆಟಿಸಂ ಇದೆ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ, ತನ್ನಲ್ಲಿ ತಾನು ಮುಳುಗಿರುವುದು ಎಂಬ ಅರ್ಥದಲ್ಲಿ. ‘ತಾನು’ ಎಂಬರ್ಥದ ಗ್ರೀಕ್ ಶಬ್ದದಿಂದ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಈ ಹೆಸರನ್ನು ಮೊದಲು ಬೇರೊಂದು ಮನೋರೋಗದ ಲಕ್ಷಣಕ್ಕಾಗಿ ಕಟ್ಟಿದ. 1943ರಲ್ಲಿ ಅಮೆರಿಕೆಯ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಅದು ಈಗಿನ ಅರ್ಥಕ್ಕೆ ಬಂತು. ಆ ಹನ್ನೊಂದರಲ್ಲಿ ಒಬ್ಬ ಹುಡುಗ, ಚಿತ್ರಗಳು ಗೋಡೆಯ ಮೇಲಿವೆ ಎಂದು ತಂದೆ ಹೇಳಿದರೆ, ಅವು ಗೋಡೆಯ ಹತ್ತಿರ ಇವೆ ಎಂದು ತಿದ್ದುತ್ತಿದ್ದನಂತೆ. ಅದನ್ನು ಓದಿ ನಾನು ನಕ್ಕೆ, ಆಮೇಲೆ ಸುಮ್ಮನಾದೆ. ನನ್ನ ಮಗ ತನ್ನಲ್ಲಿ ತಾನು ಮುಳುಗಿದವನೆಂದು ನನಗೆ ಎಂದೂ ಅನ್ನಿಸಿಲ್ಲ. ಅವನು ಮುಳುಗಿರುವುದು ಕಣ್ಣೆದುರಿನ ಸಂಗತಿಯಲ್ಲಿ. ಎದುರಿಗಿರುವವರ ಮುಖ ಏನು ಹೇಳುತ್ತಿದೆ ಎಂಬುದು ಅವನಿಗೆ ಆಮೇಲಿನ ಮಾತು.

ಎಲ್ಲ ಮಕ್ಕಳೂ ಹೀಗೆ ಎಂದಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳು ಮಾತೇ ಆಡುವುದಿಲ್ಲ. ಸುಳ್ಳು ಹೇಳಬಲ್ಲವರೂ ಇದ್ದಾರೆ. ಅವರನ್ನೆಲ್ಲ ಸತ್ಯಸಂಧರೆಂದು ಹೊಗಳುವುದು, ಹುಚ್ಚರೆಂದು ದೂರ ಇಟ್ಟಷ್ಟೇ ತಪ್ಪು. ನಮ್ಮ ಕಾಯಿದೆಗೂ ಇವರು ಕಾಣಲು ಬಹಳ ದಿನ ಹಿಡಿಯಿತು. 1995ರ ಅಂಗವಿಕಲರ ಕಾಯಿದೆಯ ಏಳು ಬಗೆಗಳಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಹೆಸರು ಬಂತು. 2016ರ ಕಾಯಿದೆಯ 21 ಬಗೆಗಳಲ್ಲಿ ಅದಕ್ಕೆ ಸ್ವಂತ ಜಾಗ ಸಿಕ್ಕಿತು.

ಆ ದಸರೆಯ ಮಾತಿಗೆ ನಾವು ತೆತ್ತ ಬೆಲೆಯನ್ನೂ ಹೇಳಬೇಕು. ಎಳ್ಳಮವಾಸ್ಯೆ ನಮ್ಮ ಭಾಗದ ದೊಡ್ಡ ಹಬ್ಬ. ಆ ದಿನ ಊರೆಲ್ಲ ಖಾಲಿಯಾಗಿ ಹೊಲ ಸೇರುತ್ತದೆ. ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಜೋಳದ ನಡುವೆ ಕೂತು ಉಣ್ಣುತ್ತಾರೆ. ಹೊಲ ಇಲ್ಲದ ನಮ್ಮಂಥ ನೌಕರದಾರರನ್ನು ಯಾರಾದರೂ ಕರೆದೇ ಕರೆಯುತ್ತಾರೆ. ಆ ವರ್ಷ ಯಾರೂ ಕರೆಯಲಿಲ್ಲ. ನಾವು ಮೂವರೂ ಬಾಗಿಲು ಹಾಕಿಕೊಂಡು ಮನೆಯಲ್ಲೇ ಉಂಡೆವು. ಬ್ಯಾಂಕಿನಲ್ಲಿ ಒಂದಿಬ್ಬರು ಹಳೆಯ ಗಿರಾಕಿಗಳು ನನ್ನ ಕೌಂಟರ್ ಬಿಟ್ಟು ಪಕ್ಕದ ಸಾಲಿನಲ್ಲಿ ನಿಲ್ಲತೊಡಗಿದರು. “ಕೂಸಿಗಿ ಹೊರಗ ತರಬ್ಯಾಡ್ರಿ” ಎಂದು ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಇವೆಲ್ಲವನ್ನೂ ಸಹಿಸಬಹುದು. ನಾನು ಮಾಡಿದ್ದು ಇದಕ್ಕಿಂತ ಹೆಚ್ಚಿನದು. ಹೊರಗಿನವರ ಮುಂದೆ ಗಟ್ಟಿಯಾಗಿ ಓದಬಾರದೆಂದು ಮಗನಿಗೆ ಕಲಿಸಿದೆ. ಬೈದು ಕಲಿಸಿದೆ. ಅವನು ಕಲಿತ. ಅಂದಿನಿಂದ ಎಷ್ಟೋ ತಿಂಗಳು ಯಾವ ಬೋರ್ಡು ಕಂಡರೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ದಾಟುತ್ತಿದ್ದ.

ಆದರೆ ಅವನ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಅವರು ಎಲ್ಲಿಗೆ ಹೋದರು?

ನಮ್ಮ ಊರುಗಳ ಇತಿಹಾಸವನ್ನು ನಾವು ಹೇಳಿಕೊಳ್ಳುವ ರೀತಿ ಹೀಗಿದೆ. ಉದಗೀರ ಎಂದರೆ 1760ರ ಯುದ್ಧ, ಸದಾಶಿವರಾವ ಭಾವುವಿನ ನಾಯಕತ್ವದಲ್ಲಿ ಮರಾಠರು ನಿಜಾಮನ ಸೈನ್ಯವನ್ನು ಸೋಲಿಸಿದ್ದು. ಅದನ್ನು ಶಾಲೆಯ ಹುಡುಗರೂ ಹೇಳುತ್ತಾರೆ. ಆಮೇಲೆ ಕಥೆ ಒಮ್ಮೆಗೇ 1948ಕ್ಕೆ ಬರುತ್ತದೆ. ರಜಾಕಾರರ ಮುಖಂಡ ಕಾಸಿಂ ರಜ್ವಿ ಲಾತೂರಿನ ವಕೀಲ, ಅಂದರೆ ನಮ್ಮ ನೆರೆಯವನೇ. ಅವನ ಜನ ಮಾಡಿದ ಸುಲಿಗೆ ಮತ್ತು ಕೊಲೆಗಳನ್ನು ಕಂಡವರ ಮಕ್ಕಳು, ಮೊಮ್ಮಕ್ಕಳು ಈಗಲೂ ನಮ್ಮಲ್ಲಿದ್ದಾರೆ. ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡದಲ್ಲಿ ಸತ್ತವರು ಸುಮಾರು ಇನ್ನೂರು ಎಂದು ಜನ ಹೇಳುತ್ತಾರೆ. ಸೆಪ್ಟೆಂಬರ್ 13ರಂದು ಜನರಲ್ ಜೆ.ಎನ್. ಚೌಧರಿ ಅವರ ನೇತೃತ್ವದಲ್ಲಿ ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ನಳದುರ್ಗಕ್ಕೆ ನುಗ್ಗಿ ಅದೇ ದಿನ ಮಧ್ಯಾಹ್ನ ಉಮರ್ಗಾ ಮುಟ್ಟಿತು. ಮರುದಿನ ರಾಜೇಶ್ವರದ ಕಡೆಗೆ ನಡೆಯಿತು. 17ರಂದು ನಿಜಾಮ ಶರಣಾದ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಗಡಿಯ ಎರಡೂ ಕಡೆ ಧ್ವಜ ಏರುತ್ತದೆ, ಭಾಷಣ ನಡೆಯುತ್ತದೆ. ಅದು ಏರಬೇಕಾದ ಧ್ವಜವೇ, ನಾನೂ ಎದ್ದು ನಿಲ್ಲುತ್ತೇನೆ.

ಕಥೆ ಅಲ್ಲಿಗೆ ನಿಲ್ಲುತ್ತದೆ. ಸೆಪ್ಟೆಂಬರ್ 18ರಿಂದ ಮುಂದೆ ಏನಾಯಿತೆಂದು ಯಾರೂ ಹೇಳುವುದಿಲ್ಲ.

ಹೇಳಿದವರು ಮೂವರು ಇದ್ದರು. ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. ಹೈದರಾಬಾದಿನಿಂದ ಕೆಟ್ಟ ಸುದ್ದಿಗಳು ಬರತೊಡಗಿದಾಗ ಪ್ರಧಾನಿ ನೆಹರೂ ಈ ಮೂವರನ್ನು ಕಳಿಸಿದರು. 1948ರ ನವೆಂಬರ್ ಕೊನೆಯಲ್ಲಿ ಬಂದವರು ಡಿಸೆಂಬರ್ 21ರವರೆಗೆ ತಿರುಗಿದರು. ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಕಂಡರು, 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರ ಮಾತು ಕೇಳಿದರು. ಅವರ ಲೆಕ್ಕದಂತೆ ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ಇಡೀ ಸಂಸ್ಥಾನದಲ್ಲಿ ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ. ಅವರಲ್ಲಿ ಬಹುತೇಕ ಮುಸಲ್ಮಾನರು, ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದವರು ಅನೇಕ. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ನಾಲ್ಕು: ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ಈ ನಾಲ್ಕರಲ್ಲೇ ಸುಮಾರು 18 ಸಾವಿರ. ಉಮರ್ಗಾ, ನಿಲಂಗಾ, ಉದಗೀರ ಮೂರೂ ಈ ನಾಲ್ಕರೊಳಗಿನ ಎರಡು ಜಿಲ್ಲೆಗಳಲ್ಲಿದ್ದವು. ಲಾತೂರಿನಲ್ಲಿ ಕೊಲೆ ಇಪ್ಪತ್ತು ದಿನಗಳಿಗಿಂತ ಹೆಚ್ಚು ನಡೆಯಿತೆಂದೂ, ಅಲ್ಲಿಯ ಸುಮಾರು ಹತ್ತು ಸಾವಿರ ಮುಸಲ್ಮಾನರಲ್ಲಿ ತಾವು ಹೋದಾಗ ಮೂರು ಸಾವಿರ ಜನ ಕೂಡ ಸರಿಯಾಗಿ ಇರಲಿಲ್ಲವೆಂದೂ ವರದಿ ಹೇಳುತ್ತದೆ. ಸತ್ತವರನ್ನು ಬಿಟ್ಟು ಉಳಿದವರು ಓಡಿಹೋಗಿದ್ದರು.

ಆ ವರದಿ ಏಕಪಕ್ಷೀಯವಲ್ಲ. ರಜಾಕಾರರ ದೌರ್ಜನ್ಯವನ್ನು ಅದು ಮುಚ್ಚಿಲ್ಲ. ಪ್ರಾಣ ಒತ್ತೆಯಿಟ್ಟು ಮುಸಲ್ಮಾನ ನೆರೆಯವರನ್ನು ಕಾಯ್ದ ಹಿಂದೂಗಳನ್ನು ಕೊಂಡಾಡಿದೆ. ಒಂದೇ ಕಸುಬಿನವರಲ್ಲಿ ಈ ಅಂತಃಕರಣ ಎದ್ದು ಕಾಣುತ್ತಿತ್ತು, ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಕಾಯಲು ಹೋಗಿ ತಾವೇ ಜೀವ ಕಳೆದುಕೊಂಡದ್ದೂ ಉಂಟು ಎಂದು ಬರೆದಿದೆ. ಸೈನ್ಯದ ಒಳ್ಳೆಯ ಅಧಿಕಾರಿಗಳನ್ನು ಮೆಚ್ಚಿದೆ. ಸೈನಿಕರಲ್ಲಿ, ಪೊಲೀಸರಲ್ಲಿ ಕೆಲವರು ಲೂಟಿಗೂ ಅದಕ್ಕಿಂತ ಕೆಟ್ಟ ಕೃತ್ಯಗಳಿಗೂ ಕೈ ಹಾಕಿದ್ದನ್ನೂ ಹೇಳಿದೆ. ಈ ಕೊನೆಯ ಮಾತು ಯಾರಿಗೂ ಬೇಕಿರಲಿಲ್ಲ. ಗೃಹಮಂತ್ರಿ ಪಟೇಲರಿಗೆ ವರದಿ ಒಪ್ಪಿಗೆಯಾಗಲಿಲ್ಲ, ಸರಕಾರ ಪ್ರಕಟಿಸಲೂ ಇಲ್ಲ. ದೇಶ ಒಡೆದ ಗಾಯ ಹಸಿಯಾಗಿತ್ತು, ಗಾಂಧೀಜಿ ತೀರಿಕೊಂಡು ವರ್ಷವಾಗಿರಲಿಲ್ಲ. ಆಗ ಸುಮ್ಮನಿರುವುದಕ್ಕೆ ಒಂದು ಕಾರಣ ಇತ್ತು ಎಂದು ಒಪ್ಪೋಣ. ಆದರೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ವರದಿ ಓದಲು ಸಿಕ್ಕದ್ದು 2013ರಲ್ಲಿ. ಆ ಹೊತ್ತಿಗೆ ಸಾಕ್ಷಿ ಹೇಳಿದವರಲ್ಲಿ ಎಷ್ಟು ಜನ ಉಳಿದಿದ್ದರು?

ಹೇಳಿದವರಿಗೆ ಬೆಲೆಯ ಅರಿವಿತ್ತು. ಸುಂದರಲಾಲರಿಗೆ ಇದು ಹೊಸತಲ್ಲ. ಭಾರತದಲ್ಲಿ ಇಂಗ್ಲಿಷರ ಆಳ್ವಿಕೆಯನ್ನು ಕುರಿತ ಅವರ ದೊಡ್ಡ ಹಿಂದಿ ಗ್ರಂಥವನ್ನು 1929ರಲ್ಲಿ ಬ್ರಿಟಿಷ್ ಸರಕಾರ ಮುಟ್ಟುಗೋಲು ಹಾಕಿತ್ತು. ಪರಕೀಯ ಸರಕಾರಕ್ಕೆ ಅಪ್ರಿಯವಾದುದನ್ನು ಹೇಳಿದ ಮನುಷ್ಯ ಸ್ವಕೀಯ ಸರಕಾರಕ್ಕೂ ಹೇಳಿದ. ಮೊದಲನೆಯದು ಕೀರ್ತಿ ತಂದಿತು, ಎರಡನೆಯದು ಕಪಾಟು ಸೇರಿತು. ಅದೇ ವರ್ಷ, ಅದೇ ಸಂಸ್ಥಾನದಲ್ಲಿ ಇನ್ನೊಬ್ಬನಿದ್ದ. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್. ಹೈದರಾಬಾದು ಭಾರತದಲ್ಲಿ ಸೇರಬೇಕೆಂದು, ರಜಾಕಾರರು ಮಾಡುತ್ತಿರುವುದು ಅನ್ಯಾಯವೆಂದು ಬರೆದ. 1948ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಅವನನ್ನು ಕೊಂದರು, ಬರೆಯುವ ಕೈಯನ್ನು ಕಡಿದರು. ತನ್ನವರಿಗೆ ಹಿತವಲ್ಲದ್ದನ್ನು ಹೇಳಿದ ಈ ಮುಸಲ್ಮಾನನ ಹೆಸರನ್ನು ಸೆಪ್ಟೆಂಬರ್ 17ರ ಭಾಷಣಗಳಲ್ಲಿ ನಾವು ಕೇಳುತ್ತೇವೆ. ಅವನ ಸತ್ಯ ನಮಗೆ ಅನುಕೂಲವಾದದ್ದು. ಸುಂದರಲಾಲರ ಹೆಸರನ್ನು ಆ ವೇದಿಕೆಯಲ್ಲಿ ನಾನಂತೂ ಈವರೆಗೆ ಕೇಳಿಲ್ಲ.

ನಮ್ಮ ಗಡಿಯಾಚೆಗೆ ಹತ್ತಿರದಲ್ಲೇ ಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿನಿಂದ ಮೇಲು ಕೀಳಿಲ್ಲ ಎಂದು ಶರಣರು ಆಡಿದ ಮಾತನ್ನು ಹರಳಯ್ಯ, ಮಧುವರಸರು ತಮ್ಮ ಮಕ್ಕಳ ಮದುವೆಯಲ್ಲಿ ಮಾಡಿ ತೋರಿಸಿದಾಗ ಏನಾಯಿತೆಂದು ನಮ್ಮ ಮನೆಯ ಮಕ್ಕಳಿಗೆಲ್ಲ ಗೊತ್ತು. ನಿಮ್ಮ ಕಾಸರಗೋಡಿನಲ್ಲೇ, ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ, ನ್ಯಾಯಾಲಯಕ್ಕೆ ಹೋದ ಲೀಲಾಕುಮಾರಿ ಅಮ್ಮ ಅವರು ಹೇಳಿದ್ದು ಎಷ್ಟು ಜನರ ಕಿವಿಗೆ ಮೊದಲು ಹಿತವಾಗಿತ್ತು? ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಅದರ ಫಲ ಉಂಡಾಗಿತ್ತು.

ಆಟಿಸಂನ ಚರಿತ್ರೆಯೊಳಗೂ ಇಂಥದೇ ಒಂದು ಮುಚ್ಚಿದ ಕಪಾಟಿದೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಕ್ಯಾನರನ ಮರುವರ್ಷ, 1944ರಲ್ಲಿ, ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥ ಮಕ್ಕಳನ್ನು ಕುರಿತು ಬರೆದ. ನಾಜಿಗಳ ಕಾಲದಲ್ಲಿ ಮಕ್ಕಳನ್ನು ಕಾಯ್ದ ಪುಣ್ಯಾತ್ಮನೆಂದು ಎಷ್ಟೋ ವರ್ಷ ಅವನಿಗೆ ಹೆಸರಿತ್ತು. 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಖ್ ಹಳೆಯ ಕಡತಗಳನ್ನು ತೆರೆದು, ಕೆಲವು ಮಕ್ಕಳನ್ನು ‘ಆಮ್ ಶ್ಪೀಗೆಲ್‌ಗ್ರುಂಡ್’ ಎಂಬ ಕೊಲೆಮನೆಗೆ ಕಳಿಸುವಂತೆ ಬರೆದವನೂ ಅವನೇ ಎಂದು ತೋರಿಸಿದ. ಆ ಸಂಸ್ಥೆಯಲ್ಲಿ ಸತ್ತ ಮಕ್ಕಳು ಸುಮಾರು 800. ಅಲ್ಲಿಯ ವೈದ್ಯಲೋಕದ ಮೌನವೂ ನಮ್ಮ ಓಣಿಯ ಮೌನದ ಹಾಗೆಯೇ ದೀರ್ಘವಾಗಿತ್ತು.

ಶರಣರಿಗೋ ಸುಂದರಲಾಲರಿಗೋ ಶೋಯೆಬುಲ್ಲಾನಿಗೋ ಆಟಿಸಂ ಇತ್ತೆಂದು ನಾನು ಹೇಳುತ್ತಿಲ್ಲ. ಅವರು ಬೆಲೆ ತಿಳಿದು ಮಾತಾಡಿದ ಧೀರರು. ನನ್ನ ಮಗನಿಗೆ ಬೆಲೆಯೇ ತಿಳಿಯದು. ನಾವು ಉಳಿದವರು ಬೆಲೆ ತಿಳಿದು ಸುಮ್ಮನಿರುವವರು. ಅರವತ್ತನಾಲ್ಕು ವರ್ಷದ ಮೌನವನ್ನು ದೆಹಲಿಯ ಸರಕಾರವೊಂದೇ ಕಾಯ್ದುಕೊಂಡು ಬಂತು ಎಂದು ನಾನು ತಿಳಿದಿದ್ದೆ. ದಸರೆಯ ದಿನ ಮಗನ ರಟ್ಟೆ ಹಿಡಿದು ಎಳೆದಾಗ ಅದು ಹೇಗೆ ನಡೆದುಬಂತೆಂದು ಗೊತ್ತಾಯಿತು. ಪ್ರತಿ ಮನೆಯಲ್ಲಿ, ಪ್ರತಿ ಮಗುವಿಗೆ, ಇದನ್ನು ಕೇಳಬಾರದು ಎಂದು ಕಲಿಸಿಯೇ ಅದು ನಡೆದಿದೆ. ಬೇರೆ ಮಕ್ಕಳು ನಮ್ಮ ಮುಖ ನೋಡಿಯೇ ಕಲಿತುಬಿಡುತ್ತಾರೆ. ಕಲಿಸಿದ್ದು ನಮಗೂ ತಿಳಿಯುವುದಿಲ್ಲ. ಹಾಗೆ ಕಲಿಯಲಾರದ ಒಂದು ಮಗು ಇದ್ದುದರಿಂದ ನಾನು ಏನು ಕಲಿಸುತ್ತಿದ್ದೇನೆ ಎಂಬುದು ನನ್ನ ಕಣ್ಣಿಗೆ ಬಿತ್ತು.

2018ರ ನವೆಂಬರ್‌ನಲ್ಲಿ ಆ ಮಾಸ್ತರರು ಬ್ಯಾಂಕಿಗೆ ಬಂದರು. ಪಿಂಚಣಿಯವರು ತಾವು ಬದುಕಿದ್ದೇವೆಂದು ಪ್ರತಿ ನವೆಂಬರ್‌ನಲ್ಲಿ ಬರೆದುಕೊಡಬೇಕು. ಪಕ್ಕದ ಸಾಲು ಖಾಲಿಯಿದ್ದರೂ ನನ್ನ ಕೌಂಟರಿಗೇ ಬಂದರು. ಸಹಿ ಮಾಡಿ, ಪೆನ್ನು ಕೆಳಗಿಡದೆ, ಮೆಲ್ಲಗೆ ಹೇಳಿದರು: “ನಮ್ಮ ಅಪ್ಪ ಆ ಮನಿ 1949ರಾಗ ತಗೊಂಡ್ರು. ಮುನ್ನೂರು ರೂಪಾಯಿ, ಹಾಲಿ ಸಿಕ್ಕಾ. ಕಾಗದ ಅದ. ಆಗ ನಾನು ನಾಕೈದು ವರ್ಷದವ. ಅಷ್ಟು ದೊಡ್ಡ ಮನಿ ಮುನ್ನೂರಕ್ಕ ಯಾಕ ಬಂತು ಅಂತ ದೊಡ್ಡಾವಾದ ಮ್ಯಾಲೂ ನಾ ಕೇಳಲಿಲ್ಲ.”

ಹಾಲಿ ಸಿಕ್ಕಾ ಎಂದರೆ ನಿಜಾಮನ ನಾಣ್ಯ, ನಮ್ಮ ರೂಪಾಯಿಗಿಂತ ತುಸು ಕಡಿಮೆ ಬೆಲೆಯದು. ಮನೆಯ ಮೇಲೆ ಸಾಲ ಕೊಡುವಾಗ ಬ್ಯಾಂಕಿನ ವಕೀಲರು ಸಾಮಾನ್ಯವಾಗಿ ಮೂವತ್ತು ವರ್ಷದ ಹಿಂದಿನವರೆಗೆ ಕಾಗದ ನೋಡುತ್ತಾರೆ. ಅದರಾಚೆಗೆ ಏನಿತ್ತೆಂದು ಕೇಳುವುದು ನಮ್ಮ ಕೆಲಸವಲ್ಲ. ಆ ಮನೆಯ ಕಾಗದಪತ್ರದಲ್ಲಿ ಯಾವ ದೋಷವೂ ಇರಲಿಕ್ಕಿಲ್ಲ.

“ಹುಡುಗನ್ನ ಕರಕೊಂಡು ಬರ್ರಿ” ಎಂದರು.

ಮುಂದಿನ ರವಿವಾರ ಹೋದೆವು. ಕಲ್ಲಿನ ಸುಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿಟ್ಟಿದ್ದರು. ನನ್ನ ಮಗ ಬಾಗಿಲಲ್ಲಿ ನಿಂತು ಎರಡೂ ಕೈ ಬಾಯಿಗೆ ಒಯ್ದ. ಓದು ಎಂದೆ. ಓದಲಿಲ್ಲ. ಓದಪ್ಪಾ, ಅಪ್ಪ ಏನೂ ಅನ್ನೂದಿಲ್ಲ ಎಂದೆ. ಆಮೇಲೆ ಓದಿದ, ಮೊದಲಿನಷ್ಟು ಗಟ್ಟಿಯಾಗಿ ಅಲ್ಲ. ಮಾಸ್ತರರು ಕೊಟ್ಟ ಕಾಗದದ ಮೇಲೆ ಆ ಹೆಸರನ್ನು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಬರೆದುಕೊಟ್ಟ. ಅವರು ಅದನ್ನು ಖರೀದಿ ಪತ್ರದ ಜೊತೆ ಮಡಚಿಟ್ಟರು.

ಅಷ್ಟಾದ ಮೇಲೆ ಅವನು ತನ್ನ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದ. “ಮುತ್ತ್ಯಾ, ಅವರು ಎಲ್ಲಿಗಿ ಹೋದ್ರು?”

“ಗೊತ್ತಿಲ್ಲಪ್ಪಾ” ಎಂದರು ಮಾಸ್ತರರು. “ನಾವು ಕೇಳಲಿಲ್ಲ.”

ಅವನಿಗೆ ಅದು ಸಾಕಾಯಿತು, ಎರಡನೆಯ ಸಲ ಕೇಳಲಿಲ್ಲ. ತಾನು ಕಂಡ ಅಕ್ಷರಗಳನ್ನೆಲ್ಲ ಬರೆದಿಡುವ ಅವನದೊಂದು ನೋಟ್‌ಬುಕ್ ಇದೆ. ಮನೆಗೆ ಬಂದ ಮೇಲೆ ತೆರೆದು ನೋಡಿದೆ. ಆ ಹೆಸರು, ಅದರ ಮುಂದೆ ಹಿಜರಿ 1350, ಅದರ ಮುಂದೆ ಮುನ್ನೂರು ರೂಪಾಯಿ ಎಂದು ಬರೆದಿದ್ದ. ಕೊನೆಯ ಮನೆಯಲ್ಲಿ, ಎಲ್ಲಿಗೆ ಎಂಬುದರ ಕೆಳಗೆ, ‘ಗೊತ್ತಿಲ್ಲ’ ಎಂದಿತ್ತು.